ಫಾರ್ಮ್ಯಾಟ್ ಹೊಡೆಯುವ ಮುಂಚೆ ಒಂದು ನಿಮಿಷ...

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :) ಆದರೆ ಮೊನ್ನೆ ಊರಿಗೆ ಹೋದಾಗ ನಡೆದದ್ದನ್ನು ನಿಮಗೆ ಹೇಳಲೇಬೇಕು ಅನ್ನಿಸಿತು. ಯಾಕೆಂದರೆ ನನ್ನ ಹಾಗೇ ನಿಮ್ಮಲ್ಲಿ ಬಹಳ ಜನರ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೇ ಕಂಪ್ಯೂಟರ್ ಇದೆ ಅಂತ ನನಗೆ ಗೊತ್ತು. "ಸತ್ತು ಹೋಗಿದೆ, ಗುಜರಿಗೆ ಹಾಕ್ಬೇಕು" ಅಂತ ಹತ್ತು ವರ್ಷದಿಂದ ಹೇಳುತ್ತಾ ಇದ್ದೀರಿ ಅಂತಲೂ ಗೊತ್ತು. ದಯವಿಟ್ಟು ಇದನ್ನು ಓದಿ ಮುಗಿಸುವ ತನಕ ಗುಜರಿಯವನನ್ನು ಕರೆಯಬೇಡಿ.

ನಮ್ಮ ತೀರ್ಥಹಳ್ಳಿ ಮನೆಗೆ ಕಂಪ್ಯೂಟರ್ ಬಂದದ್ದು 2003ರ ದೀಪಾವಳಿಗೆ. ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕು, ವಿಂಡೋಸ್ ಎಕ್ಸ್‌ಪಿ ಹೋಮ್. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋಗಿದ್ದಳು. ಅವಳ ಜೊತೆ ಮಾತಾಡೋಕೆ ಫೋನ್ ಬಿಲ್ ಕಟ್ಟಿ ಕಟ್ಟಿ ಸುಸ್ತಾಗಿ ಅಪ್ಪ ಇದನ್ನು ತರಿಸಿದ್ದು. ಅಮ್ಮ ಹಳೇ ಸೀರೆಯಲ್ಲಿ ಅದಕ್ಕೊಂದು ಕವರ್ ಹೊಲಿದಳು. ಪ್ರತಿ ಆಯುಧ ಪೂಜೆಗೆ ಸಿಪಿಯು ಡಬ್ಬಕ್ಕೆ ಅರಿಶಿನ ಕುಂಕುಮ, ಮಾನಿಟರಿಗೆ ಸೇವಂತಿಗೆ ಹೂವು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ಈಗ ನನ್ನ ಮೊದಲ ಪಾಪದ ಕಥೆ.

2006ರಲ್ಲಿ ಕಂಪ್ಯೂಟರ್ ತೀರಾ ನಿಧಾನ ಆಯ್ತು. ಆನ್ ಮಾಡಿ ಕಾಫಿ ಕುಡಿದು ಬಂದರೂ ಮರಳು ಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಆ ಕಾಲದಲ್ಲಿ ಎಲ್ಲಾ ಕಾಯಿಲೆಗೂ ನಮ್ಮ ಹತ್ತಿರ ಇದ್ದದ್ದು ಒಂದೇ ಮದ್ದು... ಫಾರ್ಮ್ಯಾಟ್! ವೈರಸ್ ಬಂತಾ? ಫಾರ್ಮ್ಯಾಟ್ ಹೊಡಿ. ಸೌಂಡ್ ಬರ್ತಿಲ್ವಾ? ಫಾರ್ಮ್ಯಾಟ್ ಹೊಡಿ. ನಾನೂ ಹೊಡೆದೆ. ಅಷ್ಟು ದಡ್ಡನೇನಲ್ಲ ಅಂದುಕೊಂಡು, ಹೊಡೆಯುವ ಮುಂಚೆ ಮೈ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಎರಡನ್ನೂ ಡಿ ಡ್ರೈವಿಗೆ ಕಾಪಿ ಮಾಡಿಕೊಂಡಿದ್ದೆ. ಎಕ್ಸ್‌ಪಿ ಸಿಡಿ ಹಾಕಿದೆ, ಸಿ ಡ್ರೈವ್ ಅಳಿಸಿದೆ, ಒಂದು ಗಂಟೆಯಲ್ಲಿ ಕಂಪ್ಯೂಟರ್ ಹೊಸದರ ಹಾಗೆ ಓಡತೊಡಗಿತು. ಅಪ್ಪನ ಮುಂದೆ ಎದೆಯುಬ್ಬಿಸಿ ನಿಂತೆ.

ಸಂಜೆ ಅಮ್ಮ ಬಂದು ಕೇಳಿದಳು, "ಅಕ್ಕನ ಕಾಗದ ಎಲ್ಲಿಗೆ ಹೋಯ್ತೋ?"

ಅಕ್ಕನ ಮೇಲ್‌ಗಳು ಇದ್ದದ್ದು ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ. ಅದು ಮೇಲ್‌ಗಳನ್ನು ಮೈ ಡಾಕ್ಯುಮೆಂಟ್ಸಿನಲ್ಲಿ ಇಡುವುದಿಲ್ಲ. ಲೋಕಲ್ ಸೆಟ್ಟಿಂಗ್ಸ್ ಎಂಬ ಅಡಗಿಸಿಟ್ಟ ಫೋಲ್ಡರಿನ ಒಳಗೆ, ಅದರ ಒಳಗಿನ ಇನ್ನೊಂದು ಫೋಲ್ಡರಿನ ಒಳಗೆ ಇಡುತ್ತಿತ್ತು. ಆಗಿನ ಮೇಲ್ ಪದ್ಧತಿಯಲ್ಲಿ ಒಮ್ಮೆ ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಸರ್ವರಿನಲ್ಲಿ ಪ್ರತಿ ಉಳಿಯುತ್ತಲೂ ಇರಲಿಲ್ಲ. ಮೂರು ವರ್ಷದ ಕಾಗದಗಳು. 2004ರಲ್ಲಿ ಅಕ್ಕನಿಗೆ ಮಗಳು ಹುಟ್ಟಿದಾಗ ಅವಳು ಅಮ್ಮನಿಗೆ ವಾರಕ್ಕೊಂದರಂತೆ ಬರೆದ ಉದ್ದುದ್ದ ಕಾಗದಗಳು. ಬಾಣಂತಿಗೆ ಯಾವ ಲೇಹ ಮಾಡ್ಕೊಳ್ಲಿ ಅಂತ ಕೇಳಿದ್ದು, ಮಗು ಮೊದಲ ಸಲ ನಕ್ಕಿದ್ದು, ಹಿಮ ಬಿದ್ದ ದಿನ ಒಬ್ಬಳೇ ಕೂತು ಅತ್ತಿದ್ದು. ಎಲ್ಲಾ ನನ್ನ ಕೈಯಿಂದಲೇ ಹೋಯಿತು. ಅಮ್ಮ ಬಯ್ಯಲಿಲ್ಲ. "ಇರ್ಲಿ ಬಿಡು" ಅಂದಳು. ಬೈದಿದ್ದರೇ ವಾಸಿ ಇತ್ತು.

ಪಾಠ ಕಲಿತೆ ಅಂದುಕೊಂಡೆ. ಅರ್ಧ ಪಾಠ ಮಾತ್ರ ಕಲಿತಿದ್ದೆ ಅಂತ ಗೊತ್ತಾಗಲು ಹದಿನೆಂಟು ವರ್ಷ ಬೇಕಾಯ್ತು.

2007ರಿಂದ ಅಮ್ಮ ಆ ಕಂಪ್ಯೂಟರಿನಲ್ಲಿ ಹೊಸ ಕೆಲಸ ಶುರು ಮಾಡಿದ್ದಳು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಹೇಳುವ ಸಂಪ್ರದಾಯದ ಹಾಡುಗಳನ್ನು ಟೈಪ್ ಮಾಡುವುದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು. ಕೆಲವನ್ನು ಟೇಪ್ ರೆಕಾರ್ಡರಿನಲ್ಲಿ ಮೊದಲು ಹಿಡಿದುಕೊಂಡು ಆಮೇಲೆ ಬರೆಯುತ್ತಿದ್ದಳು. ವರ್ಡಿನಲ್ಲಿ, ನುಡಿ ಹಾಕಿಕೊಂಡು. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಮ್ಮನಿಗೆ ಎರಡು ವಾರದಲ್ಲಿ ಕೈಗೆ ಹತ್ತಿತ್ತು. ಅಜ್ಜಿ 2009ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಎಂಬತ್ತಾರು ಹಾಡು ಆಗಿತ್ತು.

ನಾನು ಜಾಣನಾಗಿದ್ದೆನಲ್ಲ, 2008ರಲ್ಲಿ ಇದಕ್ಕೊಂದು ಬ್ಯಾಕಪ್ ಮಾಡಿಟ್ಟಿದ್ದೆ. ಎಕ್ಸ್‌ಪಿ ಜೊತೆಗೇ ಒಂದು ಬ್ಯಾಕಪ್ ತಂತ್ರಾಂಶ ಬರುತ್ತಿತ್ತು. ಹೋಮ್ ಎಡಿಷನ್ನಿನಲ್ಲಿ ಅದು ತಾನಾಗೇ ಇನ್‌ಸ್ಟಾಲ್ ಆಗಿರುತ್ತಿರಲಿಲ್ಲ, ಸಿಡಿಯ ವ್ಯಾಲ್ಯೂಆಡ್ ಎಂಬ ಫೋಲ್ಡರಿಗೆ ಹೋಗಿ ಹುಡುಕಿ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡೆ. ಎಲ್ಲವನ್ನೂ ಒಂದು ದೊಡ್ಡ ಬಿಕೆಎಫ್ ಫೈಲ್ ಮಾಡಿ ಡಿವಿಡಿಗೆ ಬರೆದು, ಮೇಲೆ ಮಾರ್ಕರ್ ಪೆನ್ನಿನಲ್ಲಿ "ಮನೆ ಕಂಪ್ಯೂಟರ್ - ಪೂರ್ತಿ ಬ್ಯಾಕಪ್" ಅಂತ ದೊಡ್ಡದಾಗಿ ಬರೆದು ಬೀರುವಿನಲ್ಲಿಟ್ಟೆ. ಆಮೇಲೆ ಲ್ಯಾಪ್‌ಟಾಪ್ ಬಂತು, ಮೊಬೈಲ್ ಬಂತು, ಹಳೇ ಕಂಪ್ಯೂಟರ್ ಸೀರೆ ಕವರಿನೊಳಗೆ ಅಟ್ಟ ಸೇರಿತು. ಯಾರಾದರೂ ಕೇಳಿದರೆ ನನ್ನ ಉತ್ತರ ರೆಡಿ ಇತ್ತು: "ಡಿವಿಡಿ ಇದೆಯಲ್ಲ!"

ಮೊನ್ನೆ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಯ್ತು. ಅಮ್ಮ ಫೋನ್ ಮಾಡಿದಳು. "ಅಜ್ಜಿ ಹೇಳ್ತಿದ್ದ ಹಸೆ ಹಾಡು ಹೇಳ್ಬೇಕು ಅಂತ ಮಾಡಿದ್ದೀನಿ. ಎರಡು ನುಡಿ ಆದ್ಮೇಲೆ ಮುಂದಿಂದು ನೆನಪಿಗೆ ಬರ್ತಿಲ್ಲ ಮಾರಾಯ. ಆ ಕಂಪ್ಯೂಟರಲ್ಲಿ ಇತ್ತಲ್ಲೋ?"

ಡಿವಿಡಿ ತೆಗೆದೆ. ಮಲೆನಾಡಿನ ಹದಿನೇಳು ಮಳೆಗಾಲ ಕಂಡ ಡಿವಿಡಿ, ಅಂಚಿನಿಂದ ಒಳಗೆ ಬೂಸಲು ಹಿಡಿದು ಬಳ್ಳಿ ಬಳ್ಳಿಯಾಗಿತ್ತು. ಒರೆಸಿ ಹಾಕಿದೆ. ಅರ್ಧ ಕಾಪಿ ಆಗುವಷ್ಟರಲ್ಲಿ ಓದಲಾಗುತ್ತಿಲ್ಲ ಎಂಬ ಸಂದೇಶ. ಅಷ್ಟೇ ಆಗಿದ್ದರೆ ಹಣೆಬರಹ ಅನ್ನಬಹುದಿತ್ತು. ಇನ್ನೊಂದು ತಮಾಷೆ ಕೇಳಿ: ಆ ಬ್ಯಾಕಪ್ ತಂತ್ರಾಂಶವನ್ನು ವಿಸ್ತಾದಿಂದ ಈಚೆಗಿನ ವಿಂಡೋಸಿನಲ್ಲಿ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಂದರೆ ಡಿವಿಡಿ ಚೆನ್ನಾಗಿದ್ದರೂ ನನ್ನ ಲ್ಯಾಪ್‌ಟಾಪ್ ಅದನ್ನು ಸುಮ್ಮನೆ ತೆರೆಯುತ್ತಿರಲಿಲ್ಲ. ಮೂರನೆಯದು, 2008ರ ನಂತರ ಅಮ್ಮ ಬರೆದ ಹಾಡುಗಳು ಅದರಲ್ಲಿ ಇರಲೇ ಇಲ್ಲ. ಇಷ್ಟು ವರ್ಷ ನಾನು ಬೀರುವಿನಲ್ಲಿ ಕಾಪಾಡಿಕೊಂಡು ಬಂದದ್ದು ಬ್ಯಾಕಪ್ ಅಲ್ಲ, ಮಾರ್ಕರ್ ಪೆನ್ನಿನ ಬರಹ ಅಷ್ಟೇ.

ಇಲ್ಲಿಗೆ ನನ್ನ ಮೊದಲ ಅಭಿಪ್ರಾಯ ಹೇಳಿಬಿಡುತ್ತೇನೆ. ಒಮ್ಮೆಯೂ ರೀಸ್ಟೋರ್ ಮಾಡಿ ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ. ಅದು ನಂಬಿಕೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದು ಆಗಾಗ ನೋಡದಿದ್ದರೆ ಏನಾಗುತ್ತದೆ ಅಂತ ನಮ್ಮ ಮನೆ ಹೆಂಗಸರಿಗೆಲ್ಲ ಗೊತ್ತು. ಕಂಪ್ಯೂಟರ್ ಓದಿದ ನಮಗೆ ಗೊತ್ತಿಲ್ಲ.

ಊರಿಗೆ ಹೋಗಿ ಅಟ್ಟದಿಂದ ಡಬ್ಬ ಇಳಿಸಿದೆ. ಅಪ್ಪ ಮೊದಲ ದಿನವೇ ಅಂದರು, "ಗುಜರಿಯವನು ಕೇಳಿ ಹೋಗಿದ್ದಾನೆ, ನಾಳೆ ಬರ್ತಾನಂತೆ." ನಾಡಿದ್ದು ಬರೋಕೆ ಹೇಳಿ ಅಂದೆ. ಧೂಳು ಹೊಡೆದು ಆನ್ ಮಾಡಿದರೆ ಫ್ಯಾನ್ ತಿರುಗಿತು, ಬೀಪ್ ಬಂತು, ಗಡಿಯಾರ ಹಿಂದೆ ಹೋಗಿತ್ತು. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಅದು ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಹಾಕಿದೆ. ವಿಂಡೋಸ್ ಚಿಹ್ನೆಯ ತನಕ ಬಂದು ನಿಂತಿತು. ಕಿವಿ ಕೊಟ್ಟು ಕೇಳಿದರೆ ಹಾರ್ಡ್ ಡಿಸ್ಕಿನಿಂದ ಟಿಕ್... ಟಿಕ್... ಟಿಕ್...

ಈ ಶಬ್ದ ಕೇಳಿದ ತಕ್ಷಣ ಏನು ಮಾಡಬೇಕು ಗೊತ್ತಾ? ಆಫ್ ಮಾಡಬೇಕು. "ಇನ್ನೊಂದ್ಸಲ ಟ್ರೈ ಮಾಡೋಣ" ಅನ್ನಬಾರದು. ಚೆಕ್ ಡಿಸ್ಕ್ ಓಡಿಸಬಾರದು. ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವುದು ಎಂದರೆ ಉಳಿದದ್ದನ್ನೂ ಕಳೆದುಕೊಳ್ಳುವ ದಾರಿ. ಡಿಸ್ಕನ್ನು ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಒಂದು ಅಡಾಪ್ಟರ್ ಹಾಕಿ, ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿಗೆ ಕೊಟ್ಟೆ. ಗ್ನೂ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶ ಇದೆ. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಎಡವಿದ ಕಡೆ ಜಗಳ ಮಾಡದೆ ಮುಂದೆ ಹೋಗುತ್ತದೆ. ಎಲ್ಲ ಆದ ಮೇಲೆ ಕಷ್ಟದ ಜಾಗಗಳಿಗೆ ಮರಳಿ ಬಂದು ಚೂರು ಚೂರೇ ಕೆದಕುತ್ತದೆ. ಎಲ್ಲಿಯವರೆಗೆ ಆಯಿತು ಅನ್ನುವ ಲೆಕ್ಕವನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ (ಹೋಯಿತು! ನಮ್ಮೂರು!) ಬಿಟ್ಟಲ್ಲಿಂದ ಮುಂದುವರಿಸಬಹುದು.

ರಾತ್ರಿಯಿಡೀ ಓಡಿತು. ಬೆಳಗ್ಗೆ ನೋಡಿದರೆ ಕೆಲವೇ ಕೆಲವು ಸೆಕ್ಟರುಗಳನ್ನು ಬಿಟ್ಟು 40 ಜಿಬಿ ಪೂರ್ತಿ ಒಂದು ಫೈಲಾಗಿ ನನ್ನ ಹತ್ತಿರ ಇತ್ತು. ಹಾಡಿನ ಫೈಲುಗಳು ಮಾತ್ರ ಅಲ್ಲ. ಇಡೀ ಡಿಸ್ಕು. ವಿಂಡೋಸು, ವರ್ಡು, ನುಡಿ, ಅಪ್ಪನ ಸಾಲಿಟೇರ್ ಸಮೇತ.

ಮೊದಲು ಆ ಪ್ರತಿಗೆ ಇನ್ನೊಂದು ಪ್ರತಿ ಮಾಡಿಕೊಂಡೆ. ಎರಡನೆಯದನ್ನು ವರ್ಚುಯಲ್‌ಬಾಕ್ಸಿಗೆ ಬೇಕಾದ ರೂಪಕ್ಕೆ ಪರಿವರ್ತಿಸಿ ಎಬ್ಬಿಸಿ ನೋಡಿದೆ. ಎದ್ದಿತು! ಹಸಿರು ಗುಡ್ಡ, ನೀಲಿ ಆಕಾಶ... ಆದರೆ ಯಂತ್ರವೇ ಬದಲಾಗಿದೆ ಅಂತ ಅದಕ್ಕೆ ಅನ್ನಿಸಿ, ಮೂರು ದಿನದಲ್ಲಿ ಮತ್ತೆ ಆಕ್ಟಿವೇಟ್ ಮಾಡಿ ಅಂತ ಹಠ ಹಿಡಿಯಿತು. ಕಂಪ್ಯೂಟರಿನ ಜೊತೆ ಬಂದ ಎಕ್ಸ್‌ಪಿಯ ಲೈಸೆನ್ಸು ಆ ಯಂತ್ರಕ್ಕೇ ಕಟ್ಟಿದ್ದು, ಅದರ ಹಠವೂ ನ್ಯಾಯವೇ. ಚೆನ್ನಾಗಿ ಏಳುತ್ತದೆ ಅಂತ ಖಾತ್ರಿ ಆಯಿತಲ್ಲ, ಅಷ್ಟೇ ನನಗೆ ಬೇಕಿದ್ದದ್ದು. ಆ ಮೇಲೆ ಒಂದು 120 ಜಿಬಿಯ ಎಸ್‌ಎಸ್‌ಡಿ, ಅದನ್ನು ಹಳೇ ಐಡಿಇ ಕೇಬಲ್ಲಿಗೆ ಜೋಡಿಸುವ ಸಣ್ಣ ಅಡಾಪ್ಟರ್ ತಂದು ಅದೇ ಇಮೇಜನ್ನು ಅದರ ಮೇಲೆ ಇಳಿಸಿ ಹಳೇ ಡಬ್ಬಕ್ಕೇ ಹಾಕಿದೆ. ಬೋರ್ಡು ಅದೇ, ಪ್ರೊಸೆಸರ್ ಅದೇ. ಡ್ರೈವರ್ ತಕರಾರಿಲ್ಲ, ಆಕ್ಟಿವೇಶನ್ ತಕರಾರಿಲ್ಲ. ಚೆಕ್ ಡಿಸ್ಕನ್ನು ಈಗ, ಈ ಪ್ರತಿಯ ಮೇಲೆ ಓಡಿಸಿದೆ. 2003ರಲ್ಲೂ ಓಡದಷ್ಟು ಜೋರಾಗಿ ಓಡಿತು ಪುಣ್ಯಾತ್ಮ.

ಅಮ್ಮನನ್ನು ಕರೆದೆ. ಕೈ ಒರೆಸಿಕೊಳ್ಳುತ್ತಾ ಬಂದು ಕುರ್ಚಿಯಲ್ಲಿ ಕೂತಳು. ಹಸೆ ಹಾಡು ಸಿಕ್ಕಿತು, ಮೆಲ್ಲಗೆ ಗುನುಗಿಕೊಂಡಳು. ಆಮೇಲೆ, ಯಾಕೋ, ಹೊಸ ಪುಟ ತೆಗೆದಳು. ಸ್ಕ್ರಾಲ್ ಲಾಕ್ ಒತ್ತಿದಳು, ಮೂರು ಅಕ್ಷರ ಕುಟ್ಟಿದಳು, ಎಫ್3 ಒತ್ತಿದಳು. ಟಕ್ ಅಂತ ಎರಡು ಸಾಲು ಪಲ್ಲವಿ ಪೂರ್ತಿ ಬಂತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ವರ್ಡಿನಲ್ಲಿ ಆಟೋಟೆಕ್ಸ್ಟ್ ಅಂತ ಒಂದಿತ್ತು, ನೆನಪಿದೆಯಾ? ಪದೇ ಪದೇ ಬರುವ ಸಾಲನ್ನು ಒಂದು ಸಣ್ಣ ಹೆಸರಿಗೆ ಕಟ್ಟಿಡುವುದು. ಯಾರೋ ಹೇಳಿಕೊಟ್ಟಿದ್ದರಂತೆ, ಅಮ್ಮ ಪ್ರತಿ ಹಾಡಿನ ಪಲ್ಲವಿಯನ್ನೂ ಹಾಗೆ ಕಟ್ಟಿಟ್ಟಿದ್ದಳು. ಪಟ್ಟಿ ತೆರೆದು ಒಂದೊಂದೇ ನೋಡುತ್ತಾ ಹೋದಳು. ಒಂದು ಕಡೆ ನಿಂತಳು.

"ಇದು ಯಾವ ಹಾಡಲ್ಲೂ ಇಲ್ಲ ಕಣೋ. ಅಜ್ಜಿಗೆ ಹುಷಾರಿಲ್ಲದಾಗ ಪಲ್ಲವಿ ಮಾತ್ರ ಹೇಳಿದ್ರು. ಉಳಿದಿದ್ದು ನಾಳೆ ಹೇಳ್ತೀನಿ ಅಂದಿದ್ರು."

ಆಮೇಲೆ ಹೆಚ್ಚು ಮಾತಾಡಲಿಲ್ಲ.

ಸ್ನೇಹಿತರೇ, ಆ ಎರಡು ಸಾಲು ಮೈ ಡಾಕ್ಯುಮೆಂಟ್ಸಿನಲ್ಲಿ ಇರಲಿಲ್ಲ. ಅದು ಇದ್ದದ್ದು ನಾರ್ಮಲ್ ಡಾಟ್ ಎಂಬ ಟೆಂಪ್ಲೇಟ್ ಫೈಲಿನಲ್ಲಿ, ಅಪ್ಲಿಕೇಶನ್ ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ. ನಾನು 2006ರ ಬುದ್ಧಿಯಲ್ಲೇ "ಬೇಕಾದ ಫೈಲು ಮಾತ್ರ" ಎತ್ತಿಕೊಂಡು ಡಿಸ್ಕು ಬಿಸಾಡಿದ್ದರೆ, ಹಾಗೊಂದು ಇತ್ತು ಅನ್ನುವುದೂ ನಮಗೆ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ನನ್ನ ಎರಡನೇ ಅಭಿಪ್ರಾಯ, ಈ ಬರಹದ ಮುಖ್ಯ ಮಾತು: ಹಳೇ ಮನೆ ಕಂಪ್ಯೂಟರಿನಿಂದ ಫೈಲುಗಳನ್ನು ಆರಿಸಿ ಕಾಪಿ ಮಾಡಬೇಡಿ. ಇಡೀ ಡಿಸ್ಕನ್ನು, ಆಪರೇಟಿಂಗ್ ಸಿಸ್ಟಮ್ ಸಮೇತ ಇಮೇಜ್ ಮಾಡಿ ಇಡಿ. ಯಾವುದು ಮುಖ್ಯ ಅಂತ ಆರಿಸುವಷ್ಟು ನಮಗೆ ಆ ಡಬ್ಬದ ಬಗ್ಗೆ ಗೊತ್ತಿಲ್ಲ. 2003ರಲ್ಲಿ 40 ಜಿಬಿ ದೊಡ್ಡ ವಿಷಯ, ಅದನ್ನು ಇಡಲು ಇನ್ನೊಂದು ಜಾಗ ಮನೆಯಲ್ಲಿ ಇರಲಿಲ್ಲ, ಆರಿಸುವುದು ಅನಿವಾರ್ಯ ಆಗಿತ್ತು. ಇವತ್ತು ಅಷ್ಟೂ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಆರಿಸುವ ಕೆಲಸಕ್ಕಿಂತ ಪೂರ್ತಿ ಎತ್ತಿಡುವುದೇ ಸುಲಭ.

ಇದು ಎಲ್ಲರಿಗೂ ಹೇಳಬಹುದಾದ ಮಾತು. ಆದರೆ ಕನ್ನಡದವರಿಗೆ ಒಂದು ಕಾರಣ ಹೆಚ್ಚಿಗೆ ಇದೆ.

ನೀವೆಲ್ಲ ಯೂನಿಕೋಡ್ ಜನ, ಆದರೂ ಒಮ್ಮೆ ನೆನಪಿಸುತ್ತೇನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬರುವಾಗ ತುಂಗಾ ಫಾಂಟನ್ನೂ ತಂದಿತು. ಆದರೂ ಸಿಡಿ ಹಾಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಚೌಕಕ್ಕೆ ಟಿಕ್ ಮಾಡದಿದ್ದರೆ ಒತ್ತಕ್ಷರ ಎಲ್ಲೋ, ಕೊಂಬು ಎಲ್ಲೋ ಬೀಳುತ್ತಿತ್ತು. ಆ ಕಾಲದಲ್ಲಿ ಮನೆ, ಕಚೇರಿ, ಪ್ರೆಸ್ಸುಗಳಲ್ಲಿ ಟೈಪ್ ಮಾಡಿದ ಕನ್ನಡದಲ್ಲಿ ಬಹುಪಾಲು ಯೂನಿಕೋಡ್ ಅಲ್ಲವೇ ಅಲ್ಲ. ನುಡಿಯ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಬರೆದ ಫೈಲನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇಂಗ್ಲಿಷಿನ ದೊಡ್ಡ 'ಪಿ', ತಲೆ ಮೇಲೆ ಗೀರು ಇರುವ 'ಎ', ಬ್ರಿಟನ್ನಿನ ಪೌಂಡು, ಜರ್ಮನ್ನರ ಒಂದು ಅಕ್ಷರ, ಸಣ್ಣ 'ಕ್ಯೂ' ಕಾಣುತ್ತವೆ. ಫೈಲಿನಲ್ಲಿ ನಿಜವಾಗಿ ಇರುವುದು ಅದೇ! ಅದನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಆ ಕಂಪ್ಯೂಟರಿನಲ್ಲಿ ಕೂತಿದ್ದ ಫಾಂಟು. ಅಂದರೆ ಕನ್ನಡ ಇದ್ದದ್ದು ಫೈಲಿನಲ್ಲಿ ಅಲ್ಲ, ಫೈಲು ಮತ್ತು ಕಂಪ್ಯೂಟರು ಎರಡೂ ಸೇರಿದ ಕಡೆ. ಒಂದನ್ನು ಉಳಿಸಿ ಇನ್ನೊಂದನ್ನು ಗುಜರಿಗೆ ಹಾಕಿದರೆ ಕೈಯಲ್ಲಿ ಉಳಿಯುವುದು ಪೌಂಡಿನ ಗುರುತು.

"ಕನ್ವರ್ಟರ್ ಇದೆಯಲ್ಲ ಗುರುವೇ, ಯೂನಿಕೋಡಿಗೆ ತಿರುಗಿಸಿಕೊಂಡರೆ ಆಯ್ತಲ್ಲ, ಸತ್ತ ವಿಂಡೋಸ್ ಕಟ್ಕೊಂಡು ಏನ್ ಮಾಡ್ತೀಯ?" ಅಂತ ನನ್ನ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಕನ್ವರ್ಟರುಗಳು ಒಳ್ಳೆಯ ಕೆಲಸ ಮಾಡುತ್ತವೆ, ನಾನೂ ಅಮ್ಮನ ಹಾಡುಗಳನ್ನೆಲ್ಲ ತಿರುಗಿಸಿದೆ. ಮಾಡಲೇಬೇಕಾದ ಕೆಲಸ ಅದು, ಇಲ್ಲದಿದ್ದರೆ ಮೊಬೈಲಿನಲ್ಲಿ ಓದುವುದು ಹೇಗೆ? ಆದರೆ ತಿರುಗಿಸಿದ್ದನ್ನು ತಾಳೆ ನೋಡಲು ಮೂಲ ಬೇಕು. ಅಮ್ಮ ಪ್ರತಿ ಹಾಡಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಯಾವ ಕ್ಯಾಸೆಟ್ಟು, ಯಾವ ಬದಿ ಅಂತ ಬರೆದಿದ್ದಳು. ಕನ್ವರ್ಟರಿಗೆ ಅದು ಇಂಗ್ಲಿಷು ಅಂತ ಹೇಗೆ ಗೊತ್ತಾಗಬೇಕು? ಅದನ್ನೂ ಕನ್ನಡ ಅಂದುಕೊಂಡು ತಿರುಗಿಸಿ ಅರ್ಥವಿಲ್ಲದ ಅಕ್ಷರ ಮಾಡಿತು. ರಾಗ ಎಳೆಯುವಲ್ಲಿ ಅಮ್ಮ ತನ್ನದೇ ಗುರುತು ಹಾಕಿಕೊಂಡಿದ್ದಳು, ಅದು ಅರ್ಕಾವತ್ತಿನ ಪಕ್ಕ ಬಂದ ಕಡೆಯೆಲ್ಲ ಅಕ್ಷರ ಹಿಂದು ಮುಂದಾಯಿತು. ಪಕ್ಕದಲ್ಲಿ ಹಳೇ ಕಂಪ್ಯೂಟರಿನ ಪರದೆ ಇದ್ದದ್ದಕ್ಕೆ ಒಂದೊಂದೇ ಸಾಲು ನೋಡಿ ಸರಿ ಮಾಡಿದೆವು. ಎಂಬತ್ತಾರು ಹಾಡಿಗೆ ನಾಲ್ಕು ಸಂಜೆ ಬೇಕಾಯಿತು. ತರ್ಜುಮೆ ಮಾಡಿದ ಮೇಲೆ ಮೂಲ ಓಲೆಗರಿಯನ್ನು ಒಲೆಗೆ ಹಾಕುತ್ತೇವಾ? ಇದೂ ಹಾಗೇ.

ಇನ್ನು ಮೂರು ತಪ್ಪು ನಂಬಿಕೆಗಳು, ಮೂರೂ ನನಗೇ ಇದ್ದವು.

ಒಂದು, ಸಿಸ್ಟಮ್ ರೀಸ್ಟೋರ್ ಇದೆಯಲ್ಲ ಅನ್ನುವುದು. ಹೆಸರಿನಲ್ಲಿ ರೀಸ್ಟೋರ್ ಇದೆ ಅಂತ ಮೋಸ ಹೋಗಬೇಡಿ. ಅದು ವಿಂಡೋಸಿನ ತನ್ನ ಫೈಲು, ರಿಜಿಸ್ಟ್ರಿ, ಡ್ರೈವರುಗಳನ್ನು ಹಿಂದಿನ ಸ್ಥಿತಿಗೆ ಒಯ್ಯುತ್ತದೆ. ನೀವು ಬರೆದ ಕಡತಗಳಿಗೂ ಅದಕ್ಕೂ ಸಂಬಂಧ ಇಲ್ಲ. ಮೇಲಾಗಿ ಆ ಹಿಂದಿನ ಸ್ಥಿತಿಗಳನ್ನು ಅದು ಇಟ್ಟುಕೊಳ್ಳುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಹೋದರೆ ಅದೂ ಹೋಯಿತು.

ಎರಡು, ಡಿ ಡ್ರೈವಿನಲ್ಲಿ ಇದೆಯಲ್ಲ ಅನ್ನುವುದು. ನಮ್ಮ ಮನೆ ಕಂಪ್ಯೂಟರುಗಳಲ್ಲಿ ಸಿ, ಡಿ, ಇ ಎಲ್ಲಾ ಒಂದೇ ಡಿಸ್ಕಿನ ಪಾಲು. ಒಂದೇ ಪೆಟ್ಟಿಗೆಯ ಮೂರು ಖಾನೆ ಇದ್ದ ಹಾಗೆ. ಪೆಟ್ಟಿಗೆಯೇ ಹೊಳೆಗೆ ಬಿದ್ದರೆ?

ಮೂರು, ಇಮೇಜ್ ಇದ್ದರೆ ಯಾವ ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು ಅನ್ನುವುದು. ಎಕ್ಸ್‌ಪಿ ಇಮೇಜನ್ನು ಬೇರೆ ಬೋರ್ಡಿನ ಕಂಪ್ಯೂಟರಿಗೆ ಇಳಿಸಿದರೆ, ಡಿಸ್ಕ್ ಕಂಟ್ರೋಲರಿನ ಡ್ರೈವರ್ ಸಿಗದೆ ನೀಲಿ ಪರದೆ ಬಂದು ನಿಲ್ಲುವುದೇ ಹೆಚ್ಚು. ಅದಕ್ಕೇ ಡಿಸ್ಕು ಮಾತ್ರ ಅಲ್ಲ, ಸಾಧ್ಯವಾದರೆ ಡಬ್ಬವನ್ನೂ ಇಟ್ಟುಕೊಳ್ಳಿ. ಜಾಗ ಇಲ್ಲದವರು ವರ್ಚುಯಲ್ ಯಂತ್ರದಲ್ಲಿ ಎಬ್ಬಿಸಿ ನೋಡಿ, ಲೈಸೆನ್ಸಿನ ಗಂಟು ಹೇಗೆ ಅಂತ ತಿಳಿದುಕೊಂಡೇ ಡಬ್ಬ ಬಿಡಿ.

ಮಾಡಬೇಕು ಅನ್ನಿಸಿದವರಿಗೆ ನನ್ನ ಅನುಭವದ ನಾಲ್ಕು ಮಾತು. ಡಿಸ್ಕು ಆರೋಗ್ಯವಾಗಿದ್ದರೆ ಕ್ಲೋನ್‌ಜಿಲ್ಲಾ ಸಾಕು, ಪುಕ್ಕಟೆ, ಬಳಸಿದ ಭಾಗವನ್ನು ಮಾತ್ರ ಎತ್ತಿ ಕುಗ್ಗಿಸಿ ಇಡುತ್ತದೆ. ಟಿಕ್ ಟಿಕ್ ಅನ್ನುತ್ತಿದ್ದರೆ ಡಿಡಿರೆಸ್ಕ್ಯೂ. ಎರಡರಲ್ಲೂ ಯಾವುದು ಮೂಲ, ಯಾವುದು ಗುರಿ ಅನ್ನುವುದನ್ನು ಎಂಟರ್ ಒತ್ತುವ ಮುಂಚೆ ಮೂರು ಸಲ ಓದಿ. ತಿರುವು ಮುರುವಾದರೆ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನೀವೇ ಬರೆದಂತೆ. ರೀಸ್ಟೋರ್ ಮಾಡುವ ಡಿಸ್ಕು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ. ಇಮೇಜನ್ನು ಇಡುವ ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಯುವುದಿಲ್ಲ, ಮೊದಲೇ ನೋಡಿಕೊಳ್ಳಿ. ಎರಡು ಪ್ರತಿ ಮಾಡಿ, ಎರಡು ಊರಿನಲ್ಲಿ ಇಡಿ. ಇಡೀ ಡಿಸ್ಕಿನಲ್ಲಿ ನಿಮ್ಮ ಹಳೇ ಪಾಸ್‌ವರ್ಡು, ಬ್ಯಾಂಕ್ ಕಾಗದ ಎಲ್ಲವೂ ಇರುತ್ತದೆ, ಕಂಡವರ ಕೈಗೆ ಕೊಡಬೇಡಿ. ಎಬ್ಬಿಸಿದ ಎಕ್ಸ್‌ಪಿಯನ್ನು ಇಂಟರ್‌ನೆಟ್ಟಿಗೆ ಜೋಡಿಸಲೇಬೇಡಿ, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಡಬ್ಬದ ಮೇಲಿನ ಸ್ಟಿಕರಿನಲ್ಲಿರುವ 25 ಅಕ್ಷರದ ಕೀಯ ಫೋಟೋ ತೆಗೆದಿಡಿ. ನಮ್ಮದರಲ್ಲಿ ಹತ್ತು ವರ್ಷದ ಆಯುಧ ಪೂಜೆಯ ಕುಂಕುಮದಡಿ ಎರಡು ಅಕ್ಷರ ಮುಚ್ಚಿಹೋಗಿವೆ. ಕೆರೆದು ನೋಡಲು ಅಮ್ಮ ಬಿಡುತ್ತಿಲ್ಲ :)

ಇದೆಲ್ಲ ಎಕ್ಸ್‌ಪಿ ಕಾಲದ ಮುದುಕರ ಹರಟೆ ಅಂತ ಕಿರಿಯರು ನಗಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಗಟ್ಟಿಮುಟ್ಟಾಗಿರುವ ಕಂಪ್ಯೂಟರುಗಳು ಹೊಸ ವಿಂಡೋಸಿಗೆ ಅರ್ಹತೆ ಇಲ್ಲ ಅನ್ನಿಸಿಕೊಂಡು ಅಟ್ಟ ಹತ್ತಲು ಕ್ಯೂ ನಿಂತಿವೆ. ಅವುಗಳಲ್ಲಿ ಇಮೇಜ್ ಮಾಡಲು ಹೊರಗಿನದೇನೂ ಬೇಡ, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ 'ಬ್ಯಾಕಪ್ ಅಂಡ್ ರೀಸ್ಟೋರ್ (ವಿಂಡೋಸ್ 7)' ಅಂತ ಹಳೇ ಹೆಸರಿನಲ್ಲೇ ಒಂದು ಮೂಲೆಯಲ್ಲಿ ಕೂತಿದೆ. ಒಂದು ಎಚ್ಚರ: ಡಿಸ್ಕು ಬಿಟ್‌ಲಾಕರಿನಲ್ಲಿ ಬೀಗ ಹಾಕಿದ್ದಾಗಿದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಿಚ್ಚಿದ ಡಿಸ್ಕನ್ನು ಆ ಕೀ ಇಲ್ಲದೆ ಬೇರೆ ಕಂಪ್ಯೂಟರಿನಲ್ಲಿ ಓದಲು ಆಗುವುದಿಲ್ಲ.

ಅಕ್ಕನ ಕಾಗದಗಳು? ಹುಡುಕಿದೆ. ಇಮೇಜಿನ ಮೇಲೆ ಫೋಟೋರೆಕ್ ಎಂಬ ತಂತ್ರಾಂಶ ಓಡಿಸಿದೆ, ಅಳಿಸಿದ ಮೇಲ್ ಫೈಲುಗಳನ್ನೂ ಅದು ಕೆಲವೊಮ್ಮೆ ಎತ್ತುತ್ತದೆ. ಏನೂ ಸಿಗಲಿಲ್ಲ. 2006ರಲ್ಲಿ ಅಳಿಸಿದ ಜಾಗದ ಮೇಲೆ ಹೊಸ ವಿಂಡೋಸು, ಅದರ ಮೇಲೆ ಇಷ್ಟು ವರ್ಷದ ಬದುಕು ಬರೆದಾಗಿತ್ತು. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ನಾನೇನು ಬರೆದಿದ್ದೆ ಅಂತ ನಂಗೂ ನೆನಪಿಲ್ಲ ಕಣೋ" ಅಂದಳು. ಅವಳ ಮಗಳಿಗೆ ಈಗ ಇಪ್ಪತ್ತು ದಾಟಿದೆ. ತಾನು ಹುಟ್ಟಿದ ತಿಂಗಳುಗಳಲ್ಲಿ ಅಮ್ಮ ಏನು ಬರೆದಿದ್ದಳು ಅಂತ ಕೇಳಿದಳಂತೆ.

ಗುಜರಿಯವನು ನಾಡಿದ್ದು ಬಂದ. ಅಪ್ಪ ಅವನಿಗೆ ಹಳೇ ಮಿಕ್ಸಿ ಕೊಟ್ಟು ಕಳಿಸಿದರು. ಮದುವೆಯಲ್ಲಿ ಅಮ್ಮ ಹಸೆ ಹಾಡನ್ನು ಕೊನೆಯ ತನಕ ಹೇಳಿದಳು.

ಕೊರೆದದ್ದು ಜಾಸ್ತಿ ಆಯ್ತು, ಕ್ಷಮಿಸಿ. ನಿಮ್ಮ ಬ್ಲಾಗಿನ ಮೊದಮೊದಲ ಬರಹಗಳ ಕರಡು, ನೀವು ಬರಹದಲ್ಲೋ ನುಡಿಯಲ್ಲೋ ಟೈಪಿಸಿದ ಕತೆ ಕವಿತೆ, ಯಾವ ಡಬ್ಬದಲ್ಲಿ ಮಲಗಿವೆ? ಈ ಭಾನುವಾರ ಒಮ್ಮೆ ಅಟ್ಟ ಹತ್ತಿ ನೋಡುತ್ತೀರಾ? ಏನು ಸಿಕ್ಕಿತು ಅಂತ ಕೆಳಗೆ ಬರೆಯಿರಿ. ಏನೂ ಸಿಗದಿದ್ದರೂ ಬರೆಯಿರಿ.